ಹುಡುಗ ದುಡಿದ ದುಡ್ಡು ಯಾರದ್ದು? ಜಾಕಿ ಕೂಗನ್ ಬದುಕು ಮತ್ತು ಅವನ ಹೆಸರಿನ ಕಾನೂನು

ಕ್ಯಾಮೆರಾ ರೆಡಿ ಇದೆ. ಸೀನ್ ಇಷ್ಟೇ: ಅನಾಥಾಲಯದವರು ಬಂದು ಐದು ವರ್ಷದ ಹುಡುಗನನ್ನು ಎಳೆದುಕೊಂಡು ಹೋಗಬೇಕು, ಅವನು ಬಿಕ್ಕಿ ಬಿಕ್ಕಿ ಅಳಬೇಕು. ಆದರೆ ಹುಡುಗನಿಗೆ ಅವತ್ತು ಅಳುವೇ ಬರುತ್ತಿಲ್ಲ. ಒಳ್ಳೆ ಮೂಡಿನಲ್ಲಿದ್ದಾನೆ, ತುಂಟಾಟ ಮಾಡಿಕೊಂಡಿದ್ದಾನೆ. ಚಾರ್ಲಿ ಚಾಪ್ಲಿನ್ ಏನೇನೋ ದುಃಖದ ಕಥೆ ಹೇಳಿ ನೋಡಿದ, ಉಪಯೋಗವಾಗಲಿಲ್ಲ. ಸುಮಾರು ಒಂದು ಗಂಟೆ ಹೀಗೇ ಹೋಯಿತು. ಕೊನೆಗೆ ಹುಡುಗನ ಅಪ್ಪ, ನಾನು ಅಳಿಸ್ತೀನಿ ಬಿಡಿ ಅಂದ. ಮಗುವನ್ನು ಹೆದರಿಸಬೇಡಿ ಅಂತ ಹೇಳಿ ಚಾಪ್ಲಿನ್ ಅಲ್ಲಿಂದ ಎದ್ದು ಹೋದ, ನಿಂತು ನೋಡುವ ಧೈರ್ಯ ಅವನಿಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗ ಗೋಳಾಡುವುದು ಕೇಳಿಸಿತು. ಸೀನ್ ಮುಗಿಯಿತು. ಏನು ಹೇಳಿದಿರಿ ಅಂತ ಕೇಳಿದರೆ ಅಪ್ಪ ಹೇಳಿದ್ದು ಇಷ್ಟು: ನೀನು ಅಳದಿದ್ದರೆ ಇಲ್ಲಿಂದ ಕರೆದುಕೊಂಡು ಹೋಗಿ ನಿಜವಾಗಲೂ ಅನಾಥಾಲಯಕ್ಕೆ ಸೇರಿಸಿಬಿಡ್ತೀವಿ ಅಂದೆ.

ಚಾಪ್ಲಿನ್ ಹುಡುಗನನ್ನು ಎತ್ತಿಕೊಂಡು, ನಿನ್ನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲ್ಲ ಅಂತ ಸಮಾಧಾನ ಮಾಡಿದ. ಕೆನ್ನೆ ಇನ್ನೂ ಒದ್ದೆಯಾಗಿತ್ತು. ಹುಡುಗ ಮೆಲ್ಲಗೆ ಅಂದನಂತೆ, ನನಗೆ ಗೊತ್ತಿತ್ತು, ಅಪ್ಪ ಸುಮ್ನೆ ತಮಾಷೆ ಮಾಡಿದ್ದು ಅಂತ.

ಇದನ್ನು ಚಾಪ್ಲಿನ್ ತನ್ನ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾನೆ. ಆ ಸಿನಿಮಾ 1921ರ 'ದಿ ಕಿಡ್'. ಆ ಹುಡುಗನೇ ಜಾಕಿ ಕೂಗನ್.

ಈಗ ಯಾಕೆ ಈ ಹೆಸರು?

ಜಾಕಿ ತೀರಿಕೊಂಡು 40 ವರ್ಷಕ್ಕೂ ಜಾಸ್ತಿ ಆಯಿತು. ಆದರೂ ಅಮೆರಿಕದ ಸುದ್ದಿಗಳಲ್ಲಿ 'ಕೂಗನ್ ಕಾನೂನು' ಅನ್ನುವ ಮಾತು ಮತ್ತೆ ಮತ್ತೆ ಬರುತ್ತಿದೆ. ಕಾರಣ, ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಮ್. ಅಪ್ಪ ಅಮ್ಮ ತಮ್ಮ ಮಕ್ಕಳ ವಿಡಿಯೊ ಮಾಡಿ ಹಾಕುತ್ತಾರೆ, ಲಕ್ಷಾಂತರ ಜನ ನೋಡುತ್ತಾರೆ, ಜಾಹೀರಾತಿನ ದುಡ್ಡು ಬರುತ್ತದೆ. ಆ ದುಡ್ಡಿನಲ್ಲಿ ಮಗುವಿನ ಪಾಲು ಎಷ್ಟು? ಈ ಪ್ರಶ್ನೆಗೆ ಉತ್ತರವಾಗಿ 2023ರಿಂದ ಈಚೆಗೆ ಅಮೆರಿಕದ ಕೆಲವು ರಾಜ್ಯಗಳು ಹೊಸ ಕಾನೂನು ತಂದಿವೆ. ಆ ಕಾನೂನುಗಳ ಬೇರು ಹುಡುಕಿಕೊಂಡು ಹೋದರೆ ಈ ಹುಡುಗನ ಹತ್ತಿರವೇ ಬಂದು ನಿಲ್ಲುತ್ತೇವೆ.

ಹಾಗಾಗಿ ಮೊದಲಿಂದ ಶುರು ಮಾಡೋಣ.

ಯಾರು ಈ ಜಾಕಿ?

ಪೂರ್ತಿ ಹೆಸರು ಜಾನ್ ಲೆಸ್ಲಿ ಕೂಗನ್. ಹುಟ್ಟಿದ್ದು 1914ರ ಅಕ್ಟೋಬರ್ 26ರಂದು, ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ವಾಡೆವಿಲ್ ಕಲಾವಿದರು. ವಾಡೆವಿಲ್ ಅಂದರೆ ಹಾಡು, ಡ್ಯಾನ್ಸು, ಹಾಸ್ಯ, ಜಾದೂ ಎಲ್ಲಾ ಒಂದೇ ಸಂಜೆಯಲ್ಲಿ ಒಂದರ ಹಿಂದೆ ಒಂದು ಬರುತ್ತಿದ್ದ ರಂಗದ ಕಾರ್ಯಕ್ರಮ. ಸಿನಿಮಾ ಜೋರಾಗುವ ಮೊದಲು ಅಮೆರಿಕದ ಜನಕ್ಕೆ ಅದೇ ಮುಖ್ಯ ಮನರಂಜನೆ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗ ನಡೆಯಲು ಕಲಿಯುವ ವಯಸ್ಸಿಗೇ ಸ್ಟೇಜ್ ಮೇಲೆ ಬಂದ.

ಲಾಸ್ ಏಂಜಲೀಸ್‌ನ ಆರ್ಫಿಯಂ ಥಿಯೇಟರಿನಲ್ಲಿ ಒಂದು ದಿನ ಚಾಪ್ಲಿನ್ ಕಣ್ಣಿಗೆ ಬಿದ್ದ. ಚಾಪ್ಲಿನ್‌ಗೆ ಹಿಡಿಸಿದ್ದು ಒಂದು ಗುಣ: ಹುಡುಗ ಏನು ನೋಡಿದರೂ ಹಾಗೇ ಮಾಡಿ ತೋರಿಸುತ್ತಿದ್ದ. ಮೂಕಿ ಚಿತ್ರಕ್ಕೆ ಬೇಕಾದ್ದು ಅದೇ ಅಲ್ವಾ? ಮಾತೇ ಇಲ್ಲದ ಜಾಗದಲ್ಲಿ ಮುಖ ಮತ್ತು ಮೈ ಮಾತಾಡಬೇಕು. 1919ರಲ್ಲಿ ಒಂದು ಕಿರುಚಿತ್ರದಲ್ಲಿ ಸಣ್ಣ ಪಾತ್ರ, ಆಮೇಲೆ 'ದಿ ಕಿಡ್'. ಒಬ್ಬ ಅಲೆಮಾರಿಗೆ ಬೀದಿಯಲ್ಲಿ ಸಿಕ್ಕ ಅನಾಥ ಮಗುವಿನ ಪಾತ್ರ. ದೊಡ್ಡ ಟೋಪಿ, ಹರಿದ ಪ್ಯಾಂಟು, ಒಂದು ಪಕ್ಕಕ್ಕೆ ಜಾರಿದ ಸ್ವೆಟರ್. ಹುಡುಗ ಕಲ್ಲು ಹೊಡೆದು ಕಿಟಕಿ ಗಾಜು ಒಡೆಯುತ್ತಾನೆ, ಹಿಂದೆಯೇ ಚಾಪ್ಲಿನ್ ಬಂದು ಗಾಜು ಹಾಕಿಕೊಟ್ಟು ದುಡ್ಡು ಪಡೆಯುತ್ತಾನೆ. ಇವತ್ತು ನೋಡಿದರೂ ಕಲ್ಲೆತ್ತಿದ ಕೈ ಹಿಂದೆ ನಿಂತ ಪೊಲೀಸನಿಗೆ ತಾಗಿದಾಗ ಆ ಹುಡುಗ ತಿರುಗಿ ನೋಡುವ ರೀತಿಗೆ ನಗು ಬಂದೇ ಬರುತ್ತದೆ.

ಒಂದೇ ಸಿನಿಮಾದಿಂದ ಅವನು ಜಗತ್ತಿಗೆಲ್ಲ ಗೊತ್ತಾದ. ಮುಂದಿನ ವರ್ಷ 'ಆಲಿವರ್ ಟ್ವಿಸ್ಟ್' ಮೂಕಿ ಚಿತ್ರದಲ್ಲಿ ಅವನೇ ಆಲಿವರ್. ಅವನ ಮುಖ ಹಾಕಿ ಗೊಂಬೆ, ಸೀಟಿ, ನೋಟ್‌ಬುಕ್, ಕಡಲೆಕಾಯಿ ಬೆಣ್ಣೆ ಎಲ್ಲಾ ಮಾರಾಟವಾದವು. ಸಿನಿಮಾ ನಟನ ಹೆಸರಿನಲ್ಲಿ ಇಷ್ಟೊಂದು ಸಾಮಾನು ಮಾರಿದ್ದು ಆ ಕಾಲಕ್ಕೆ ಹೊಸದು. 1924ರಲ್ಲಿ, ಯುದ್ಧದಿಂದ ನೊಂದ ಗ್ರೀಸ್ ಮತ್ತು ಆರ್ಮೇನಿಯಾ ಕಡೆಯ ಮಕ್ಕಳಿಗೆ ನೆರವು ಸೇರಿಸಲು ಅವನನ್ನು ಅಮೆರಿಕ, ಯುರೋಪ್ ಎಲ್ಲಾ ಕಡೆ ಸುತ್ತಿಸಿದರು. ಬಟ್ಟೆ, ಊಟದ ಸಾಮಗ್ರಿ ಎಲ್ಲಾ ಸೇರಿ 10 ಲಕ್ಷ ಡಾಲರಿಗೂ ಮೀರಿದ ನೆರವು ಕೂಡಿತು. ಪೋಪ್ ಕೂಡ ಅವನನ್ನು ಕರೆದು ಮಾತಾಡಿಸಿದರು. ಆಗ ಅವನಿಗೆ ಹತ್ತು ವರ್ಷ.

ಆದರೆ ಮಕ್ಕಳು ಬೆಳೆಯುತ್ತಾರೆ. ಅವನ ಗುರುತೇ ಆಗಿದ್ದ ಉದ್ದ ಕೂದಲನ್ನು ಕತ್ತರಿಸುವ ಸಮಯ ಬಂದಾಗ ಅದನ್ನೂ ಸಿನಿಮಾ ಕಂಪನಿ ಬಿಡಲಿಲ್ಲ. ಕೂದಲು ಕತ್ತರಿಸುವುದನ್ನೇ ಹೆಸರಾಗಿಟ್ಟು 1927ರಲ್ಲಿ ಒಂದು ಸಿನಿಮಾ ಬಂತು. ಆಮೇಲೆ ಅವಕಾಶಗಳು ಕಡಿಮೆಯಾಗುತ್ತಾ ಹೋದವು. 1930ರಲ್ಲಿ ಟಾಮ್ ಸಾಯರ್ ಪಾತ್ರ, ಮರುವರ್ಷ ಅದೇ ಪಾತ್ರ ಇನ್ನೊಂದು ಚಿತ್ರದಲ್ಲಿ, ಅಲ್ಲಿಗೆ ಬಾಲನಟನ ದಿನಗಳು ಹೆಚ್ಚುಕಡಿಮೆ ಮುಗಿದವು.

ದುಡ್ಡು ಎಷ್ಟು ಬಂತು, ಎಲ್ಲಿಗೆ ಹೋಯಿತು

ಬಾಲನಟನಾಗಿ ಜಾಕಿ ದುಡಿದದ್ದು 30 ಲಕ್ಷದಿಂದ 40 ಲಕ್ಷ ಡಾಲರ್ ಅಂತ ಅಂದಾಜು. ಅದು 1920ರ ದಶಕದ ಡಾಲರ್ ಅನ್ನುವುದನ್ನು ನೆನಪಿಡಿ, ಇವತ್ತಿನ ಬೆಲೆಗೆ ಅದು ಕೋಟಿಗಟ್ಟಲೆ ಡಾಲರ್ ಆಗುತ್ತದೆ. ಅವನ ಕೈಗೆ ಸಿಗುತ್ತಿದ್ದದ್ದು? ವಾರಕ್ಕೆ 6 ಡಾಲರ್ 25 ಸೆಂಟ್ ಕೈಖರ್ಚು.

ಇದರಲ್ಲಿ ಆಗ ಯಾರಿಗೂ ತಪ್ಪೇನೂ ಕಾಣಲಿಲ್ಲ. ಅಪ್ಪ ಲೆಕ್ಕ ನೋಡಿಕೊಳ್ಳುತ್ತಿದ್ದ, ಹೂಡಿಕೆ ಮಾಡುತ್ತಿದ್ದ, ದುಂದುಗಾರನಲ್ಲ ಅನ್ನುವ ಹೆಸರೂ ಇತ್ತು. 21 ತುಂಬಿದ ಮೇಲೆ ತನ್ನ ದುಡ್ಡು ತನ್ನ ಕೈಗೆ ಬರುತ್ತದೆ ಅಂತ ಜಾಕಿ ನಂಬಿದ್ದ. ಅಮೆರಿಕದಲ್ಲಿ ಆಗ ಪ್ರಾಪ್ತ ವಯಸ್ಸು 21, ಈಗಿನಂತೆ 18 ಅಲ್ಲ. ಆ ನಂಬಿಕೆಗೆ ಕಾಗದದ ಆಧಾರ ಮಾತ್ರ ಇರಲಿಲ್ಲ. ಮನೆಯವರ ನಡುವೆ ಕಾಗದ ಯಾಕೆ ಅನ್ನುವುದು ಎಲ್ಲಾ ಕಡೆ ಇರುವ ಯೋಚನೆಯೇ, ಹತ್ತು ವರ್ಷದ ಹುಡುಗ ಅಪ್ಪನ ಹತ್ತಿರ ಬರವಣಿಗೆಯಲ್ಲಿ ಕೊಡಿ ಅಂತ ಕೇಳುತ್ತಾನಾ?

1935ರ ಮೇ ತಿಂಗಳಲ್ಲಿ ಎಲ್ಲವೂ ತಲೆಕೆಳಗಾಯಿತು. ಮೆಕ್ಸಿಕೊದಲ್ಲಿ ಬೇಟೆ ಮುಗಿಸಿ ವಾಪಸ್ ಬರುವಾಗ ಸ್ಯಾನ್ ಡಿಯಾಗೊ ಹತ್ತಿರದ ಬೆಟ್ಟದ ದಾರಿಯಲ್ಲಿ ಕಾರು ರಸ್ತೆ ಬಿಟ್ಟು ಉರುಳಿತು. ಕಾರಿನಲ್ಲಿ ಐದು ಜನ. ಅಪ್ಪ ಹೋದ. ಜಾಕಿಯ ಆಪ್ತ ಗೆಳೆಯ, ಅವನೂ ಬಾಲನಟನೇ ಆಗಿದ್ದ ಜೂನಿಯರ್ ಡರ್ಕಿನ್ ಹೋದ. ಇನ್ನಿಬ್ಬರೂ ಹೋದರು. ಉಳಿದದ್ದು ಜಾಕಿ ಒಬ್ಬನೇ. ಅದಾಗಿ ಐದೂವರೆ ತಿಂಗಳಿಗೆ ಅವನಿಗೆ 21 ತುಂಬಿತು. ದುಡ್ಡು ಬರಲಿಲ್ಲ.

ಅಮ್ಮ ಲಿಲಿಯನ್ ಆಮೇಲೆ ಆರ್ಥರ್ ಬರ್ನ್‌ಸ್ಟೀನ್‌ನನ್ನು ಮದುವೆಯಾದಳು. ಆತ ಈ ಕುಟುಂಬದ ಹಣಕಾಸು ನೋಡಿಕೊಳ್ಳುತ್ತಿದ್ದವನೇ. ತುಪ್ಪಳದ ಕೋಟು, ವಜ್ರ, ದುಬಾರಿ ಕಾರು ಅಂತ ದುಡ್ಡು ಖರ್ಚಾಗುತ್ತಿತ್ತು. ಇತ್ತ ಜಾಕಿಗೆ ಕೆಲಸವೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಆ ಕಷ್ಟದ ದಿನಗಳಲ್ಲಿ ಚಾಪ್ಲಿನ್ ಅವನಿಗೆ 1,000 ಡಾಲರ್ ಕೊಟ್ಟನಂತೆ.

ಕೋರ್ಟಿನಲ್ಲಿ ನಡೆದದ್ದು

1938ರ ಏಪ್ರಿಲ್‌ನಲ್ಲಿ, 23ನೇ ವಯಸ್ಸಿನಲ್ಲಿ, ಜಾಕಿ ತನ್ನ ಅಮ್ಮ ಮತ್ತು ಮಲತಂದೆಯ ಮೇಲೆ ಕೇಸ್ ಹಾಕಿದ.

ಅಮ್ಮನ ವಾದ ಏನಿತ್ತು ಗೊತ್ತಾ? ಜಾಕಿಗೆ ಏನನ್ನಾದರೂ ಕೊಡುತ್ತೇವೆ ಅಂತ ನಾವು ಯಾವತ್ತೂ ಮಾತು ಕೊಟ್ಟಿರಲಿಲ್ಲ, ಮಗು ದುಡಿದದ್ದು ಅಪ್ಪ ಅಮ್ಮನಿಗೇ ಸೇರಬೇಕಾದ್ದು, ಕ್ಯಾಮೆರಾ ಮುಂದೆ ಅವನು ಮಾಡುತ್ತಿದ್ದದ್ದು ಬರೀ ಆಟ, ಅವನಿಗೆ ಅದು ಖುಷಿ ಕೊಡುತ್ತಿತ್ತು ಅಷ್ಟೆ.

ಕೇಳಿದರೆ ಹೊಟ್ಟೆ ಉರಿಯುತ್ತದೆ. ಆದರೆ ಕಾನೂನು ನೋಡಿದರೆ ಅವಳ ಮಾತಿನಲ್ಲಿ ಬಲ ಇತ್ತು, ಈ ಕಥೆಯಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮುಖ್ಯ ಜಾಗ ಇದೇ. ಆಗಿನ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಮದುವೆಯಾಗದ ಅಪ್ರಾಪ್ತ ಮಕ್ಕಳ ಸಂಪಾದನೆಯ ಮೇಲೆ ಹಕ್ಕು ಹೆತ್ತವರದ್ದು. ಈ ನಿಯಮ ಸಿನಿಮಾಕ್ಕಾಗಿ ಮಾಡಿದ್ದಲ್ಲ. ಹೊಲದಲ್ಲಿ, ಅಂಗಡಿಯಲ್ಲಿ ಮಕ್ಕಳು ಮನೆಯವರ ಜೊತೆ ದುಡಿಯುತ್ತಿದ್ದ ಕಾಲದ್ದು. ಮಗುವಿಗೆ ಊಟ, ಬಟ್ಟೆ, ಸೂರು ಕೊಡುವ ಜವಾಬ್ದಾರಿ ಹೆತ್ತವರದ್ದು, ಅದಕ್ಕೆ ಪ್ರತಿಯಾಗಿ ಮಗುವಿನ ದುಡಿಮೆ ಮನೆಗೆ ಸೇರಬೇಕು ಅನ್ನುವ ಲೆಕ್ಕ. ಮಗು ದಿನಕ್ಕೆ ನಾಲ್ಕು ಕಾಸು ತರುವ ಮನೆಗೆ ಆ ಲೆಕ್ಕ ಹೊಂದುತ್ತಿತ್ತೇನೋ. ಮಗುವಿನ ದುಡಿಮೆಯಲ್ಲೇ ಇಡೀ ಮನೆ ನಡೆಯುವಾಗ, ಅದೂ ಲಕ್ಷಗಟ್ಟಲೆಯಲ್ಲಿ, ಅದು ಹೊಂದುವುದಿಲ್ಲ. ಇಲ್ಲಿ ಯಾರು ಯಾರನ್ನು ಸಾಕುತ್ತಿದ್ದರು?

ಕೇಸ್ ಮುಗಿಯುವ ಹೊತ್ತಿಗೆ ಇಡೀ ಆಸ್ತಿಯಲ್ಲಿ ಉಳಿದಿದ್ದದ್ದು ಸುಮಾರು 2,50,000 ಡಾಲರ್. 1939ರಲ್ಲಿ ಜಾಕಿಗೆ ಸಿಕ್ಕಿದ್ದು 1,26,000 ಡಾಲರ್. ಅದೇ ವರ್ಷ ನಟಿ ಬೆಟ್ಟಿ ಗ್ರೇಬಲ್ ಜೊತೆಗಿನ ಎರಡೇ ವರ್ಷದ ಅವನ ಮದುವೆಯೂ ಮುರಿದುಬಿತ್ತು.

1939ರ ಕಾನೂನು, ಮತ್ತು ಅದರಲ್ಲಿದ್ದ ತೂತು

ಈ ಕೇಸ್ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ತಾವು ನೋಡಿ ನಕ್ಕ, ಅತ್ತ ಹುಡುಗ ಹೀಗೆ ಬರಿಗೈಯಲ್ಲಿ ನಿಂತಿದ್ದನ್ನು ನೋಡಿ ಜನಕ್ಕೆ ಸಿಟ್ಟು ಬಂತು. 1939ರಲ್ಲಿ ಕ್ಯಾಲಿಫೋರ್ನಿಯಾ ಬಾಲನಟರ ಕಾನೂನು ತಂದಿತು. ಜನ ಅದನ್ನು ಕರೆದದ್ದು ಕೂಗನ್ ಕಾನೂನು ಅಂತ.

ಅದು ಕೇಂದ್ರ ಸರ್ಕಾರದ ಕಾನೂನಲ್ಲ, ಒಂದು ರಾಜ್ಯದ ಕಾನೂನು. ಇಡೀ ದೇಶಕ್ಕೆ ಯಾಕೆ ತರಲಿಲ್ಲ? ತರುವುದು ಹಾಗಿರಲಿ, ಕೇಸ್ ನಡೆದ ಆ 1938ರಲ್ಲೇ ಅಮೆರಿಕದ ಕೇಂದ್ರ ಸರ್ಕಾರ ಕಾರ್ಮಿಕ ಕಾನೂನು ತಂದು ಬಾಲಕಾರ್ಮಿಕರಿಗೆ ಕಡಿವಾಣ ಹಾಕಿದಾಗ ಸಿನಿಮಾ, ನಾಟಕದ ಮಕ್ಕಳನ್ನು ಅದರಿಂದ ಹೊರಗಿಟ್ಟಿತ್ತು. ಹಾಗಾಗಿ ಇವತ್ತಿಗೂ ಬಾಲನಟರ ವಿಷಯ ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.

ಈಗ ತೂತಿನ ವಿಷಯ. ಅಪ್ರಾಪ್ತ ವಯಸ್ಸಿನವರು ಮಾಡಿಕೊಂಡ ಒಪ್ಪಂದವನ್ನು ಅವರು ಬೇಡ ಅಂತ ಬಿಟ್ಟು ಹೋಗಬಹುದು, ಕಾನೂನು ಅವರನ್ನು ಕಟ್ಟಿಹಾಕುವುದಿಲ್ಲ. ಇದು ಸ್ಟುಡಿಯೊಗಳಿಗೆ ತಲೆನೋವು. ಏಳು ವರ್ಷಕ್ಕೆ ಒಪ್ಪಂದ ಮಾಡಿಕೊಂಡ ಮಗು ಎರಡನೇ ವರ್ಷಕ್ಕೆ ಬೇರೆ ಕಡೆ ಹೋದರೆ? ಅದಕ್ಕೆ ಸ್ಟುಡಿಯೊಗಳು ಇಂಥ ಒಪ್ಪಂದಗಳನ್ನು ಕೋರ್ಟಿಗೆ ತೆಗೆದುಕೊಂಡು ಹೋಗಿ ಒಪ್ಪಿಗೆ ಪಡೆಯುತ್ತಿದ್ದವು, ಆಗ ಮಗು ಬಿಟ್ಟು ಹೋಗುವ ಹಾಗಿಲ್ಲ. 1939ರ ಕಾನೂನು ಹೇಳಿದ್ದು ಇದು: ಒಪ್ಪಂದ ಹೀಗೆ ತನ್ನ ಮುಂದೆ ಬಂದಾಗ, ಮಗುವಿನ ಗಳಿಕೆಯ ಒಂದು ಪಾಲನ್ನು ತೆಗೆದಿಡಿ ಅಂತ ನ್ಯಾಯಾಧೀಶರು ಆದೇಶ ಮಾಡಬಹುದು.

ಗಮನಿಸಿ, ಮಾಡಬಹುದು. ಮಾಡಲೇಬೇಕು ಅಂತಲ್ಲ. ಕೋರ್ಟಿನ ಮುಂದೆ ಬರದ ಒಪ್ಪಂದಕ್ಕಂತೂ ಕಾನೂನೇ ಅನ್ವಯಿಸುವುದಿಲ್ಲ. ಮುಂದೆ ಟಿವಿ ಬಂತು, ಒಂದು ದಿನದ ಜಾಹೀರಾತು, ಒಂದು ವಾರದ ಎಪಿಸೋಡು ಅಂತ ಚಿಕ್ಕ ಚಿಕ್ಕ ಕೆಲಸಗಳು ಜಾಸ್ತಿಯಾದವು. ಇಂಥದ್ದಕ್ಕೆಲ್ಲ ಯಾರು ಕೋರ್ಟಿಗೆ ಹೋಗುತ್ತಾರೆ? ಎಲ್ಲದಕ್ಕಿಂತ ದೊಡ್ಡ ಸಮಸ್ಯೆ, ಮಗುವಿನ ದುಡ್ಡು ಹೆತ್ತವರದ್ದೇ ಅನ್ನುವ ಹಳೇ ನಿಯಮ ಹಾಗೇ ಉಳಿದಿತ್ತು.

ಕೋರ್ಟ್ ಆದೇಶ ಇದ್ದರೂ ದುಡ್ಡು ಉಳಿಯುತ್ತಿತ್ತು ಅಂತಲ್ಲ. 1930ರ ದಶಕದಲ್ಲಿ ಅಮೆರಿಕದ ಕಣ್ಮಣಿಯಾಗಿದ್ದ ಶರ್ಲಿ ಟೆಂಪಲ್ ದುಡಿದದ್ದು 32 ಲಕ್ಷ ಡಾಲರ್. ದೊಡ್ಡವಳಾದ ಮೇಲೆ ಲೆಕ್ಕ ಕೇಳಿದರೆ ಟ್ರಸ್ಟಿನಲ್ಲಿ ಉಳಿದಿದ್ದದ್ದು 44,000 ಡಾಲರ್. ಕೋರ್ಟ್ ಹೇಳಿದ್ದ ಪಾಲನ್ನು ಅಪ್ಪ ಜಮಾ ಮಾಡಿಯೇ ಇರಲಿಲ್ಲ. ಇದನ್ನು ಅವರೇ 1988ರಲ್ಲಿ ತಮ್ಮ ಆತ್ಮಕಥೆಯಲ್ಲಿ ಬರೆದರು. 1980ರ ದಶಕದ ಟಿವಿ ಬಾಲನಟ ಗ್ಯಾರಿ ಕೋಲ್ಮನ್ ಕೂಡ ತನ್ನ ಹೆತ್ತವರು ಮತ್ತು ವ್ಯವಹಾರ ನೋಡಿಕೊಳ್ಳುತ್ತಿದ್ದವರ ಮೇಲೆ ಕೇಸ್ ಹಾಕಬೇಕಾಯಿತು. 1993ರಲ್ಲಿ ಕೋರ್ಟ್ ಅವನಿಗೆ 12.8 ಲಕ್ಷ ಡಾಲರ್ ಕೊಡಿಸಿತು. ಕೂಗನ್ ಕಾನೂನು ಬಂದು ಆಗಲೇ 50 ವರ್ಷ ದಾಟಿತ್ತು.

ಇದನ್ನು ಸರಿ ಮಾಡಲು ಪಟ್ಟು ಹಿಡಿದು ಕೂತವರಲ್ಲಿ ಒಬ್ಬರು ಪಾಲ್ ಪೀಟರ್ಸನ್. ಅವರೂ ಹಿಂದೆ ಟಿವಿಯ ಬಾಲನಟ. 1990ರಲ್ಲಿ ಇನ್ನೊಬ್ಬ ಮಾಜಿ ಬಾಲನಟ ರಸ್ಟಿ ಹೇಮರ್ ಆತ್ಮಹತ್ಯೆ ಮಾಡಿಕೊಂಡಾಗ, ಪೀಟರ್ಸನ್ ಇಂಥವರಿಗಾಗಿಯೇ ಒಂದು ಸಂಸ್ಥೆ ಕಟ್ಟಿದರು, ಕಾನೂನು ಬದಲಾಯಿಸಿ ಅಂತ ವರ್ಷಗಟ್ಟಲೆ ಓಡಾಡಿದರು.

ಹಾಗಾದರೆ ಕೂಗನ್ ಖಾತೆ ಅಂದರೆ ಏನು?

ಬದಲಾವಣೆ ಬಂದದ್ದು 2000ದ ಜನವರಿ 1ರಿಂದ. ಅದರಲ್ಲಿ ಎರಡು ವಿಷಯ ಮುಖ್ಯ, ಎರಡೂ ಬೇರೆ ಬೇರೆ, ಜನ ಇವೆರಡನ್ನು ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ.

ಮೊದಲನೆಯದು, ಬಾಲನಟನ ಗಳಿಕೆ ಪೂರ್ತಿ, ಅಂದರೆ 100ಕ್ಕೆ 100, ಆ ಮಗುವಿನ ಸ್ವಂತ ಆಸ್ತಿ. ಹೆತ್ತವರದ್ದಲ್ಲ. 1938ರಲ್ಲಿ ಲಿಲಿಯನ್ ಹೂಡಿದ ವಾದವನ್ನು ಇವತ್ತು ಆ ರಾಜ್ಯದಲ್ಲಿ ಹೂಡಲು ಆಗುವುದಿಲ್ಲ.

ಎರಡನೆಯದು, ಆ ಪೂರ್ತಿ ಗಳಿಕೆಯಲ್ಲಿ 15 ಶೇಕಡಾವನ್ನು ಬೀಗ ಹಾಕಿಡಬೇಕು. ಇದೇ ಕೂಗನ್ ಖಾತೆ. ಒಂದು ಹುಂಡಿಯನ್ನು ಕಲ್ಪಿಸಿಕೊಳ್ಳಿ. ದುಡ್ಡು ಹಾಕಲು ಮೇಲೆ ಸಂದು ಇದೆ, ತೆಗೆಯಲು ಬಾಗಿಲು ಇಲ್ಲ, ಮಗುವಿಗೆ 18 ತುಂಬಿದ ದಿನ ಮಾತ್ರ ಒಡೆಯಬಹುದು. ಅಮ್ಮ ಕೇಳಿದರೂ ಬ್ಯಾಂಕು ಕೊಡುವುದಿಲ್ಲ, ಮಗುವೇ ಅತ್ತು ಕೇಳಿದರೂ ಕೊಡುವುದಿಲ್ಲ. ಮಧ್ಯದಲ್ಲಿ ತೆಗೆಯಬೇಕಾದರೆ ಕೋರ್ಟ್ ಆದೇಶವೇ ಬೇಕು.

ದುಡ್ಡು ಹಾಕುವವರು ಯಾರು ಅನ್ನುವುದರಲ್ಲಿ ಇದರ ಜಾಣತನ ಇದೆ. ಹೆತ್ತವರ ಕೈಗೆ ದುಡ್ಡು ಕೊಟ್ಟು ಇದರಲ್ಲಿ 15 ಭಾಗ ಉಳಿಸಿ ಅಂತ ಹೇಳುವುದಿಲ್ಲ. ಕೆಲಸ ಕೊಟ್ಟ ಕಂಪನಿಯೇ ಸಂಬಳದಲ್ಲಿ ಹಿಡಿದುಕೊಂಡು ನೇರವಾಗಿ ಖಾತೆಗೆ ಹಾಕಬೇಕು. ಶರ್ಲಿ ಟೆಂಪಲ್ ವಿಷಯದಲ್ಲಿ ತಪ್ಪಿದ್ದು ಇದೇ ಜಾಗದಲ್ಲಿ ಅಲ್ವಾ? ಒಂದು ವೇಳೆ ಹೆತ್ತವರು ಖಾತೆಯನ್ನೇ ತೆರೆಯದಿದ್ದರೆ, ಆ 15 ಶೇಕಡಾ ಕಲಾವಿದರ ಕಲ್ಯಾಣ ನಿಧಿಗೆ ಹೋಗುತ್ತದೆ, ಅದು ಮಗುವಿನ ಹೆಸರಿನಲ್ಲಿ ಅಲ್ಲಿ ಕಾದುಕೊಂಡಿರುತ್ತದೆ.

15 ಶೇಕಡಾ ಲೆಕ್ಕ ಹಾಕುವುದು ಒಟ್ಟು ಸಂಬಳದ ಮೇಲೆ. ಏಜೆಂಟ್ ಕಮಿಷನ್, ತೆರಿಗೆ ಎಲ್ಲಾ ಕಳೆದು ಉಳಿದದ್ದರ ಮೇಲಲ್ಲ. ಮಗುವಿಗೆ 10,000 ಡಾಲರ್ ಬಂತು ಅಂತಿಟ್ಟುಕೊಳ್ಳಿ, ಮೊದಲೇ 1,500 ಡಾಲರ್ ಹುಂಡಿಗೆ ಹೋಯಿತು. ಉಳಿದ 8,500ರಲ್ಲಿ ಏಜೆಂಟು, ತೆರಿಗೆ, ಓಡಾಟದ ಖರ್ಚು. ಆಮೇಲೂ ಉಳಿದರೆ? ಅದೂ ಕಾನೂನಿನ ಪ್ರಕಾರ ಮಗುವಿನದ್ದೇ, ಆದರೆ ಅದಕ್ಕೆ ಬೀಗ ಇಲ್ಲ. ಮಗುವಿನ ಹಿತ ನೋಡಿಕೊಂಡು ಖರ್ಚು ಮಾಡುವ ಹೊಣೆ ಹೆತ್ತವರ ಮೇಲಿರುತ್ತದೆ. ಈ ಕಾನೂನು 15 ಭಾಗವನ್ನು ಗಟ್ಟಿಯಾಗಿ ಕಾಯುತ್ತದೆ, ಮಿಕ್ಕಿದ್ದನ್ನು ನಂಬಿಕೆಗೆ ಬಿಟ್ಟಿದೆ. ಅದು ಸಾಕಾ ಅನ್ನುವ ಚರ್ಚೆ ಅಲ್ಲಿ ನಡೆಯುತ್ತಲೇ ಇದೆ.

ನ್ಯೂಯಾರ್ಕ್, ಇಲಿನಾಯ್, ಲೂಸಿಯಾನಾ, ನ್ಯೂ ಮೆಕ್ಸಿಕೊ ರಾಜ್ಯಗಳಲ್ಲೂ ಇಂಥ ನಿಯಮ ಇದೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಇಲ್ಲ.

ದುಡ್ಡಷ್ಟೇ ಅಲ್ಲ, ಗಂಟೆಗಳಿಗೂ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ಮಗು ಸೆಟ್ಟಿನಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವುದಕ್ಕೂ ವಯಸ್ಸಿನ ಪ್ರಕಾರ ಮಿತಿ ಇದೆ. ಹುಟ್ಟಿ 15 ದಿನ ಆಗದ ಮಗುವನ್ನು ಕರೆತರುವ ಹಾಗೇ ಇಲ್ಲ. ಆರು ತಿಂಗಳ ಒಳಗಿನ ಕೂಸು ದಿನಕ್ಕೆ 2 ಗಂಟೆ ಅಲ್ಲಿರಬಹುದು, ಕ್ಯಾಮೆರಾ ಮುಂದೆ ಒಟ್ಟು 20 ನಿಮಿಷ ಮಾತ್ರ, ಜೋರು ಲೈಟಿನ ಎದುರು ಒಂದು ಸಲಕ್ಕೆ 30 ಸೆಕೆಂಡಿಗಿಂತ ಜಾಸ್ತಿ ಇಡುವಂತಿಲ್ಲ. 6ರಿಂದ 9 ವರ್ಷದ ಮಗುವಿಗೆ ಶಾಲೆಯ ದಿನಗಳಲ್ಲಿ 4 ಗಂಟೆ ಕೆಲಸ, 3 ಗಂಟೆ ಪಾಠ, 1 ಗಂಟೆ ವಿಶ್ರಾಂತಿ. ಪಾಠ ಹೇಳಲು ಸೆಟ್ಟಿನಲ್ಲೇ ಒಬ್ಬ ಶಿಕ್ಷಕರು ಇರಬೇಕು. ಅವರ ಕೆಲಸ ಬರೀ ಪಾಠ ಅಲ್ಲ. ಮಗುವಿನ ಆರೋಗ್ಯಕ್ಕೆ, ಸುರಕ್ಷತೆಗೆ ತೊಂದರೆ ಅನ್ನಿಸಿದರೆ ಆ ಮಗುವನ್ನು ಸೆಟ್ಟಿನಿಂದ ಕರೆದುಕೊಂಡು ಹೋಗುವ ಅಧಿಕಾರವೂ ಅವರಿಗಿದೆ.

ಆ ಅನಾಥಾಲಯದ ಸೀನಿನ ದಿನ ಜಾಕಿಯ ಪಕ್ಕದಲ್ಲಿ ಇಂಥವರೊಬ್ಬರು ನಿಂತಿದ್ದರೆ ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ.

ಸೆಟ್ಟು ಮನೆಯೊಳಗೇ ಬಂದಾಗ

ಕೂಗನ್ ಕಾನೂನು ನಿಂತಿರುವುದು ಮೂರು ಜನರ ಮೇಲೆ: ಮಗು, ಹೆತ್ತವರು, ಕೆಲಸ ಕೊಡುವ ಕಂಪನಿ. ದುಡ್ಡು ಹಿಡಿದಿಡುವುದು ಕಂಪನಿ. ಯೂಟ್ಯೂಬಿನಲ್ಲಿ ಈ ಮೂರನೆಯವರೇ ಇಲ್ಲ. ಶೂಟಿಂಗ್ ಮಾಡುವವರು ಅಪ್ಪ, ಎಡಿಟ್ ಮಾಡುವವರು ಅಮ್ಮ, ದುಡ್ಡು ಬರುವುದು ಅವರ ಖಾತೆಗೆ. ಸಂಬಳ ಅಂತ ಯಾರೂ ಯಾರಿಗೂ ಕೊಡುವುದಿಲ್ಲ. ಹಾಗಾದರೆ 15 ಶೇಕಡಾ ಹಿಡಿಯುವುದು ಯಾವುದರಿಂದ, ಹಿಡಿಯುವವರು ಯಾರು?

ಮೊದಲು ಉತ್ತರ ಹುಡುಕಿದ್ದು ಇಲಿನಾಯ್ ರಾಜ್ಯ. ಅಲ್ಲಿನ ಒಬ್ಬ ಹದಿಹರೆಯದ ವಿದ್ಯಾರ್ಥಿನಿ ತಮ್ಮ ಸೆನೆಟರಿಗೆ ಈ ಬಗ್ಗೆ ಪತ್ರ ಬರೆದಳು, ಅದರಿಂದ ಶುರುವಾದ ಮಸೂದೆ 2023ರಲ್ಲಿ ಕಾನೂನಾಗಿ 2024ರ ಜುಲೈ 1ರಿಂದ ಜಾರಿಗೆ ಬಂತು. ಒಂದು ತಿಂಗಳಲ್ಲಿ ಹಾಕಿದ, ದುಡ್ಡು ತರುವ ವಿಡಿಯೊಗಳಲ್ಲಿ ಮಗು ಕನಿಷ್ಠ 30 ಶೇಕಡಾದಷ್ಟು ಕಾಣಿಸಿಕೊಂಡರೆ, ಬಂದ ದುಡ್ಡಿನಲ್ಲಿ ಅದಕ್ಕೆ ತಕ್ಕ ಪಾಲನ್ನು ಮಗುವಿಗೆ ತೆಗೆದಿಡಬೇಕು. ಇಡದಿದ್ದರೆ ಮಗು ದೊಡ್ಡದಾದ ಮೇಲೆ ಹೆತ್ತವರ ಮೇಲೆ ಕೇಸ್ ಹಾಕಬಹುದು.

2024ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾವೂ ಎರಡು ಮಸೂದೆಗಳಿಗೆ ಸಹಿ ಹಾಕಿತು, 2025ರ ಜನವರಿಯಿಂದ ಜಾರಿ. ಒಂದು, ಮನೆಯವರೇ ಮಾಡುವ ವಿಡಿಯೊಗಳಿಗೆ. ಇನ್ನೊಂದು, ತಾವೇ ಆನ್‌ಲೈನ್ ವಿಡಿಯೊ ಮಾಡುವ ಮಕ್ಕಳಿಗೆ ಹಳೇ ಕೂಗನ್ ಕಾನೂನನ್ನೇ ವಿಸ್ತರಿಸುವುದು. ಸಹಿಯ ಹೊತ್ತಿಗೆ ಪಕ್ಕದಲ್ಲಿ ಗಾಯಕಿ ಡೆಮಿ ಲೊವಾಟೊ ಇದ್ದರು, ಅವರೂ ಬಾಲನಟಿಯಾಗಿ ಶುರು ಮಾಡಿದವರೇ.

ಇಲ್ಲೂ ಕಷ್ಟ ಇದೆ. ಲೆಕ್ಕ ಇಡುವವರು ಹೆತ್ತವರೇ, ದುಡ್ಡು ತೆಗೆದಿಡುವವರೂ ಅವರೇ. ಹುಂಡಿಯ ಸಂದಿಗೆ ಕಾಸು ಹಾಕುವ ಮೂರನೇ ಕೈ ಇನ್ನೂ ಬಂದಿಲ್ಲ.

ಆ ಹುಡುಗ ಮುಂದೆ ಏನಾದ?

ಜಾಕಿಯ ಕಥೆಯನ್ನು ಜನ ಕೋರ್ಟಿನ ಬಾಗಿಲಲ್ಲೇ ನಿಲ್ಲಿಸಿಬಿಡುತ್ತಾರೆ. ಅದಾದ ಮೇಲೆ ಅವನು ಇನ್ನೂ 45 ವರ್ಷ ಬದುಕಿದ.

1941ರಲ್ಲಿ ಸೈನ್ಯ ಸೇರಿದ. ಮೊದಲೇ ವಿಮಾನ ಹಾರಿಸಿ ಅಭ್ಯಾಸ ಇತ್ತು, ಹಾಗಾಗಿ ಗ್ಲೈಡರ್ ಪೈಲಟ್ ಆದ. ಗ್ಲೈಡರ್ ಅಂದರೆ ಎಂಜಿನ್ನೇ ಇಲ್ಲದ ವಿಮಾನ. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಆಕಾಶದಲ್ಲಿ ಬಿಡುತ್ತದೆ, ಆಮೇಲೆ ಸದ್ದಿಲ್ಲದೆ ಇಳಿಯಬೇಕು, ಒಂದು ಸಲ ತಪ್ಪಿದರೆ ಮತ್ತೆ ಮೇಲಕ್ಕೆ ಏರುವ ಮಾತೇ ಇಲ್ಲ. 1943ರ ಕೊನೆಗೆ ಅವನ ತಂಡವನ್ನು ಭಾರತಕ್ಕೆ ಕಳಿಸಿದರು. 1944ರ ಮಾರ್ಚ್ 5ರ ರಾತ್ರಿ ಅಸ್ಸಾಮ್ ಕಡೆಯಿಂದ ಹೊರಟ ಗ್ಲೈಡರ್‌ಗಳು ಬ್ರಿಟಿಷ್ ಸೇನೆಯ ಚಿಂಡಿಟ್ ಪಡೆಯನ್ನು ಬರ್ಮಾದ ಕಾಡಿನೊಳಗೆ, ಜಪಾನಿ ಸೈನ್ಯದ ಬೆನ್ನ ಹಿಂದೆ ಇಳಿಸಿದವು. ಆ ಕತ್ತಲಲ್ಲಿ ಗ್ಲೈಡರ್ ಇಳಿಸಿದವರಲ್ಲಿ ಜಾಕಿಯೂ ಒಬ್ಬ.

ಯುದ್ಧ ಮುಗಿದ ಮೇಲೆ ಸಿನಿಮಾದಲ್ಲಿ, ಟಿವಿಯಲ್ಲಿ ಸಣ್ಣ ಪುಟ್ಟ ಪಾತ್ರ. ತಲೆಯ ಕೂದಲು ಹೋಯಿತು, ಮೈ ಬಂತು. ಆ ಮುದ್ದು ಹುಡುಗ ಇವನೇ ಅಂದರೆ ಯಾರೂ ನಂಬುತ್ತಿರಲಿಲ್ಲ. 1964ರಲ್ಲಿ 'ದಿ ಆಡಮ್ಸ್ ಫ್ಯಾಮಿಲಿ' ಅನ್ನುವ ಟಿವಿ ಧಾರಾವಾಹಿ ಶುರುವಾಯಿತು. ಅದರಲ್ಲಿ ಬೋಳು ತಲೆಯ, ಕಣ್ಣ ಸುತ್ತ ಕಪ್ಪು ಬಳಿದುಕೊಂಡ, ಬಾಯಿಗೆ ಬಲ್ಬ್ ಇಟ್ಟುಕೊಂಡು ಉರಿಸುವ ಅಂಕಲ್ ಫೆಸ್ಟರ್ ಅವನೇ. ಬಾಲನಟರಾಗಿ ಗೆದ್ದವರಿಗೆ ದೊಡ್ಡವರಾದ ಮೇಲೆ ಇನ್ನೊಂದು ಮುಖದಲ್ಲಿ ಜನರ ಮನಸ್ಸಿನಲ್ಲಿ ಉಳಿಯುವುದು ಬಹಳ ಕಷ್ಟ, ಅವನಿಗೆ ಅದು 50ನೇ ವಯಸ್ಸಿಗೆ ಸಿಕ್ಕಿತು.

1972ರಲ್ಲಿ ಚಾಪ್ಲಿನ್ ಗೌರವ ಆಸ್ಕರ್ ಪಡೆಯಲು 20 ವರ್ಷದ ನಂತರ ಅಮೆರಿಕಕ್ಕೆ ಬಂದ. ಲಾಸ್ ಏಂಜಲೀಸ್ ಏರ್‌ಪೋರ್ಟಿನಲ್ಲಿ ಬರಮಾಡಿಕೊಳ್ಳಲು ಹೋದವರಲ್ಲಿ ಜಾಕಿ ಇದ್ದ. ಒಬ್ಬನಿಗೆ 82, ಇನ್ನೊಬ್ಬನಿಗೆ 57. ಇಬ್ಬರೂ ತಬ್ಬಿಕೊಂಡರು.

ಜಾಕಿ 1984ರ ಮಾರ್ಚ್ 1ರಂದು ಹೃದಯದ ತೊಂದರೆಯಿಂದ ತೀರಿಕೊಂಡ, 69 ವರ್ಷ. ಆ ಹೊತ್ತಿಗೆ ಅವನ ಮೊಮ್ಮಗ ಕೀತ್ ಮಿಚೆಲ್ ಅನ್ನುವ ಹೆಸರಿನಲ್ಲಿ ಬಾಲನಟನಾಗಿ ದುಡಿಯುತ್ತಿದ್ದ. ಐದನೇ ವಯಸ್ಸಿಗೆ ಜಾಹೀರಾತಿನಿಂದ ಶುರು ಮಾಡಿದ ಹುಡುಗ. ತಾತ ಹೋದ ಎರಡು ವರ್ಷಕ್ಕೆ ಅವನು ತನ್ನ ಹೆಸರನ್ನು ಕೀತ್ ಕೂಗನ್ ಅಂತ ಬದಲಾಯಿಸಿಕೊಂಡ.